ಚಕ್ರವಿಲ್ಲದ ಗಾಡಿ

ಮಗಳು ಇಂದುವಿನ ಹನ್ನೊಂದನೆಯ ದಿನದ ಕಾರ್ಯದಲ್ಲಿ ಗಿಡ್ಡಯ್ಯ ಮೇಷ್ಟ್ರು ತಮ್ಮ ಕೈಯಾರೆ ದಾನ ಕೊಟ್ಟ ಬುಟ್ಟಿಯೊಳಗೆ ಏನಿತ್ತೆಂಬುದು ಅವರಿಗೇ ಗೊತ್ತಿರಲಿಲ್ಲ.

ಹೋದವರು ಮನಸಾರೆ ಬಳಸಿದ್ದನ್ನು ಅವರ ಓರಗೆಯವರಿಗೆ ಕೊಟ್ಟುಬಿಡಬೇಕು, ಕೊಟ್ಟದ್ದು ಆ ಜೀವಕ್ಕೆ ಮುಂದಿನ ದಾರಿಯಲ್ಲಿ ಒದಗುತ್ತದೆ ಎಂಬುದು ಅವರ ಮನೆತನದಲ್ಲಿ ನಡೆದುಬಂದ ಪದ್ಧತಿ. ಇಂದುವಿನ ಓರಗೆಯವಳೆಂದರೆ ಬಿಕ್ಕೋಡಿನ ಲತಾಮಣಿ. ಕಾಲೇಜಿನ ದಿನಗಳಲ್ಲಿ ಇಂದುವಿನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡಾಡಿದವಳು. ಈಗ ಅಂಗನವಾಡಿಯಲ್ಲಿ ಟೀಚರು. ಅವಳು ಮುಂದೆ ಬಂದು ಕೈಯೊಡ್ಡಿ ನಿಂತಳು. ಮೇಷ್ಟ್ರ ಹೆಂಡತಿ ಚಲುವಮ್ಮ ಒಳಗಿನಿಂದ ಬುಟ್ಟಿ ತಂದಿಟ್ಟರು. ಅದರ ಮೇಲೆ ಇಂದುವಿನ ನೀಲಿ ರೇಷ್ಮೆ ಸೀರೆ ಹೊದಿಸಿತ್ತು. ಮೇಷ್ಟ್ರು ಸೀರೆಯನ್ನೇ ನೋಡುತ್ತ ನಿಂತರು. ಅದನ್ನೆತ್ತಿ ಕೆಳಗೇನಿದೆ ಎಂದು ನೋಡಲಿಲ್ಲ. ದಾನದ ಬುಟ್ಟಿಯನ್ನು ಕೆದಕಿ ನೋಡಿ ಕೊಡುವುದು ಜಿಪುಣರ ಬುದ್ಧಿ ಎಂದು ಅವರ ತಂದೆ ಹೇಳುತ್ತಿದ್ದರು. ಲತಾಮಣಿಯ ಅಂಗೈಯಲ್ಲಿ ತುಳಸಿ ಇಟ್ಟು, ಮಾಲೇಕಲ್ಲಿನ ವೆಂಕಟರಮಣನ ಹೆಸರು ಹೇಳಿ, ಮಗಳ ಹೆಸರು ಹೇಳಿ, ನೀರು ಬಿಟ್ಟರು. ಅಲ್ಲಿಗೆ ಮುಗಿಯಿತು. ನೀರು ಬಿಟ್ಟು ಕೊಟ್ಟದ್ದರ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ. ಅದನ್ನು ತಿರುಗಿ ಕೇಳಿದರೂ, ಕೇಳದೆ ಸುಮ್ಮನೆ ಅನುಭವಿಸಿದರೂ, ಹೋದವರ ಕೈಯಿಂದ ಕಿತ್ತುಕೊಂಡ ಹಾಗೆ.

ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ ಮೇಷ್ಟ್ರು ಮಗಳ ಕೋಣೆಗೆ ಹೋಗಿ, ಎಂದಿನಂತೆ ಟಿವಿಯ ಮುಂದೆ ಕುಳಿತರು. ಟಿವಿಯ ಕೆಳಗಿನ ಹಲಗೆ ಬರಿದಾಗಿತ್ತು. ಇಂದುವಿನ ವಿಡಿಯೊ ಆಟದ ಪೆಟ್ಟಿಗೆ ಇದ್ದ ಕಡೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

“ಚಲುವೀ, ಇಲ್ಲಿದ್ದ ಆಟದ ಪೆಟ್ಟಿಗೆ ಎಲ್ಲೇ?”

“ನೀವೇ ಕೊಟ್ರಲ್ಲ,” ಎಂದು ಚಲುವಮ್ಮ ಅಡುಗೆಮನೆಯಿಂದಲೇ ಹೇಳಿದರು.

“ನಾನೇ?”

“ಬುಟ್ಟೀಲಿತ್ತು. ಸೀರೆ ಕೆಳಗೆ.”

ಮೇಷ್ಟ್ರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ಬಿಡ್ತಿದ್ರಾ?” ಎಂದು ಚಲುವಮ್ಮ ತಿರುಗಿ ನೋಡದೆ ಮುದ್ದೆಯ ಪಾತ್ರೆಯನ್ನು ಒಲೆಯ ಮೇಲಿಂದ ಇಳಿಸಿದರು.

ಮಗ ಭೀಮರಾಜ್ ವಿದ್ಯುತ್ ಕಚೇರಿಯಿಂದ ಬಂದವನು ಈ ಸಂಗತಿ ಕೇಳಿ ಚಪ್ಪಲಿ ಬಿಡುತ್ತಲೇ ಹೇಳಿದ. “ಒಂದು ಫೋನ್ ಮಾಡಿದ್ರೆ ಲತಕ್ಕ ನಾಳೆನೇ ಕಳಿಸ್ಕೊಡ್ತಾಳೆ ಕಣಪ್ಪ. ನೀರು ಬಿಟ್ಟೆ, ತುಳಸಿ ಇಟ್ಟೆ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೋಬೇಡ.”

ಆ ಮನೆಯ ನಡುಮನೆಯಲ್ಲಿ ಒಂದು ಗೋಡೆಗೆ ವೆಂಕಟರಮಣ, ಎದುರು ಗೋಡೆಗೆ ಬುದ್ಧ. ತಂದೆ ಒಬ್ಬನಿಗೆ ಕೈ ಮುಗಿದರೆ ಮಗ ಇನ್ನೊಬ್ಬನಿಗೆ. ಇದರಿಂದ ಜಗಳವಾದದ್ದಿಲ್ಲ, ಕುಟುಕಾಟ ತಪ್ಪಿದ್ದೂ ಇಲ್ಲ.

“ಕೊಟ್ಟಿದ್ದು ಕಿತ್ಕೊ ಅಂತ ನಿನ್ನ ಬುದ್ಧ ಹೇಳ್ಕೊಟ್ಟವ್ನಾ?” ಎಂದರು ಮೇಷ್ಟ್ರು.

“ಹಿಡ್ಕೊಂಡಿದ್ದನ್ನ ಬಿಡು ಅಂತ ಹೇಳ್ಕೊಟ್ಟವ್ನೆ. ನಿನಗೆ ಅದೂ ಆಗಲ್ಲ, ಇದೂ ಆಗಲ್ಲ,” ಎಂದ ಭೀಮರಾಜ್. ಹೇಳಿದ ಮೇಲೆ ತಂದೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಆ ಗಾಡಿಗೋಸ್ಕರಾನಾ ಅಪ್ಪ?”

ಮೇಷ್ಟ್ರು ತಲೆಯಾಡಿಸಿದರು.

ಆ ಪೆಟ್ಟಿಗೆಯಲ್ಲಿ ಇಂದು ಕಟ್ಟಿದ ಗಾಡಿಯೊಂದಿತ್ತು. ಕೈಯಲ್ಲಿ ಮುಟ್ಟುವ ಗಾಡಿಯಲ್ಲ, ಟಿವಿಯ ಪರದೆಯ ಮೇಲಿನದು. ಆದರೂ ಆ ಮನೆಯವರ ಮಟ್ಟಿಗೆ ಅದು ಇದ್ದದ್ದೇ.

ಇಂದುವಿನ ಕಾಲುಗಳು ಎಳೆಯ ವಯಸ್ಸಿನಲ್ಲೇ ಸೊರಗತೊಡಗಿದವು. ಹಾಸನ, ಮೈಸೂರು, ಬೆಂಗಳೂರು ಎಲ್ಲ ತಿರುಗಿದ್ದಾಯಿತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅವಳು ಗಾಲಿಕುರ್ಚಿಗೆ ಬಂದಿದ್ದಳು. ಆ ವರ್ಷ ಮೇಷ್ಟ್ರು ಹಾಸನದಿಂದ ಮಕ್ಕಳಿಬ್ಬರಿಗೂ ಒಂದು ವಿಡಿಯೊ ಗೇಮ್ ತಂದರು. ಅದರಲ್ಲೊಂದು ಹಸಿರು ಮಿಡತೆ. ಎಲೆಯಿಂದ ಎಲೆಗೆ, ಬಂಡೆಯಿಂದ ಬಂಡೆಗೆ, ಮೋಡದಿಂದ ಮೋಡಕ್ಕೆ ಎಗರುವುದೊಂದೇ ಅದಕ್ಕೆ ಗೊತ್ತಿದ್ದ ವಿದ್ಯೆ. ಭೀಮರಾಜ್ ಎಗರಿಸಿದರೆ ಮಿಡತೆ ಹಳ್ಳಕ್ಕೆ ಬೀಳುತ್ತಿತ್ತು. ಇಂದು ಎಗರಿಸಿದರೆ ಹೂವಿನ ಮೇಲೆ ಹೂ ಇಟ್ಟಂತೆ ಇಳಿಯುತ್ತಿತ್ತು. ಆ ಆಟದ ಎರಡನೆಯ ಭಾಗ ಬಂತು, ಮೂರನೆಯದು ಬಂತು. ಮೂರರಲ್ಲೂ ಅವಳು ಎಗರದ ಜಾಗ ಉಳಿಯಲಿಲ್ಲ. ಎಗರುವಾಗ ಅವಳ ಭುಜಗಳೂ ಒಂದಿಷ್ಟು ಮೇಲಕ್ಕೆ ಹೋಗುತ್ತಿದ್ದವು. ಆಮೇಲೆ ಬಹಳ ವರ್ಷ ಹೊಸ ಆಟ ಬರಲಿಲ್ಲ. ಇಂದು ಓದು ಮುಗಿಸಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾದಳು. ಕಚೇರಿಯಿಂದ ಬಂದು ಕಾಫಿ ಕುಡಿದು, ಹಳೆಯ ಮಿಡತೆಯನ್ನೇ ಎಗರಿಸುತ್ತಿದ್ದಳು.

ಹೋದ ವರ್ಷ ಅವಳ ಹುಟ್ಟಿದ ಹಬ್ಬಕ್ಕೆ ಭೀಮರಾಜ್ ಹೊಸ ಪೆಟ್ಟಿಗೆಯನ್ನೂ ಹೊಸ ಆಟವನ್ನೂ ತಂದ. “ನಿನ್ನ ಮಿಡತೆ ವಾಪಸ್ ಬಂತು ಕಣೇ!” ಮನೆಯವರೆಲ್ಲ ಕೂತು ನೋಡಿದರು. ಮಿಡತೆ ಬಂದಿತ್ತು, ಆದರೆ ದಪ್ಪಗಾಗಿತ್ತು, ವಯಸ್ಸಾಗಿತ್ತು. ಎಗರುವ ಗುಂಡಿ ಒತ್ತಿದರೆ ಭುಜ ಕುಣಿಸಿ ನಿಟ್ಟುಸಿರು ಬಿಡುತ್ತಿತ್ತು, ಅಷ್ಟೆ. ಅದಕ್ಕೆ ಈಗ ಎಗರುವ ಶಕ್ತಿಯನ್ನೇ ಇಟ್ಟಿರಲಿಲ್ಲ. ಬದಲಿಗೆ ಒಂದು ಕಮ್ಮಟದಂಥ ಶೆಡ್ಡು, ಅದರ ತುಂಬ ಚಕ್ರ, ಹಲಗೆ, ಸ್ಪ್ರಿಂಗು, ಎಂಜಿನ್ನು. ನಿಮಗೆ ಬೇಕಾದ ಗಾಡಿಯನ್ನು ನೀವೇ ಕಟ್ಟಿ, ಮಿಡತೆಯನ್ನು ಅದರಲ್ಲಿ ಕೂರಿಸಿ ಓಡಿಸಿ ಎಂಬುದು ಹೊಸ ಆಟ.

“ಇದು ಆಟಾನೋ ಗ್ಯಾರೇಜೋ?” ಎಂದು ಭೀಮರಾಜ್ ಹಣೆ ಚಚ್ಚಿಕೊಂಡ.

ಮೇಷ್ಟ್ರಿಗೆ ಮಾತ್ರ ಬಹಳ ಸಂತೋಷವಾಗಿತ್ತು. ದೇವರೇ ಯಾರದೋ ತಲೆಯಲ್ಲಿ ಹೊಕ್ಕು ತಮ್ಮ ಮಗಳಿಗಾಗಿ ಈ ಆಟ ಮಾಡಿಸಿದ ಹಾಗೆ ಕಂಡಿತ್ತು. “ನೋಡವ್ವ, ಈಗ ಅದೂ ನಿನ್ನಂಗೇ ಗಾಡಿ ಮೇಲೆ ಓಡಾಡ್ತದೆ,” ಎಂದರು.

ಇಂದು ಎಗರುವ ಗುಂಡಿಯನ್ನು ಇನ್ನೂ ಒತ್ತುತ್ತಲೇ ಇದ್ದಳು. ಮಿಡತೆ ಭುಜ ಕುಣಿಸುತ್ತಲೇ ಇತ್ತು. “ಅಲ್ಲೂ ಚಕ್ರಾನೇ ಕೊಟ್ರಲ್ಲಪ್ಪ,” ಎಂದು ನಕ್ಕಳು. ನಕ್ಕಳಾದ್ದರಿಂದ ಮೇಷ್ಟ್ರು ಅದನ್ನು ತಮಾಷೆಯ ಮಾತೆಂದೇ ತಿಳಿದರು.

ಕೆಲವು ದಿನ ಅವಳು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ತಂದೆಯನ್ನು ಕರೆದಳು. “ಅಪ್ಪ, ನೀನು ಸೈನ್ಸ್ ಮೇಷ್ಟ್ರಲ್ವಾ, ಹೇಳು. ಗಾಡಿ ಅಂದ್ಮೇಲೆ ಚಕ್ರ ಇರ್ಲೇಬೇಕು ಅಂತ ಏನಾದ್ರೂ ಐತಾ?”

“ಚಕ್ರ ಇಲ್ದೆ ಗಾಡಿ ಹೆಂಗವ್ವ ಹೋಯ್ತದೆ?”

“ನೀನು ಹೆಂಗೆ ಹೋಗ್ತೀಯ?”

ಅಂದಿನಿಂದ ತಂದೆ ಮಗಳು ಕಾಲಿನ ಗಾಡಿಗೆ ಕೈ ಹಚ್ಚಿದರು. ಹಲಗೆಗೆ ಹಲಗೆ ಜೋಡಿಸಿ ತೊಡೆ, ಮೊಣಕಾಲು, ಮೊಣಕಾಲಿಗೆ ಸ್ಪ್ರಿಂಗು. ಪರದೆಯ ಮೇಲೆ ಕಟ್ಟುವ ಮೊದಲು ನೆಲದ ಮೇಲೆ ಬದನೆಕಾಯಿಗೆ ಬೆಂಕಿಕಡ್ಡಿ ಚುಚ್ಚಿ ನೋಡುವರು. ಭಾರ ಹಿಂದಕ್ಕೆ ಬಿದ್ದರೆ ಮಗುಚುತ್ತದೆ, ಮುಂದಕ್ಕೆ ಬಿದ್ದರೆ ಮುಗ್ಗರಿಸುತ್ತದೆ ಎಂದು ಮೇಷ್ಟ್ರು ಪಾಠ ಹೇಳುವರು. “ಸಾರಿಗೆ ತಂದ ಬದನೆಕಾಯಿಗೆ ಕಾಲಿಕ್ತಾ ಕೂತವ್ರಲ್ಲ, ಇವರಿಗೇನು ಹಿಡ್ದಿರೋದು?” ಎಂದು ಚಲುವಮ್ಮ ಬೈಯುವರು. ಗಾಡಿ ಎದ್ದು ನಿಂತಿತು. ಕೆಲವು ವಾರಗಳ ಮೇಲೆ ತಡವರಿಸುತ್ತ ನಡೆಯಿತು. ಆದರೆ ಆಟದ ಕೊನೆಯಲ್ಲೊಂದು ಬೆಟ್ಟವಿತ್ತು. ಅದಕ್ಕೆ ಕಲ್ಲಿನ ಮೆಟ್ಟಿಲು, ತುದಿಯಲ್ಲೊಂದು ಗಂಟೆ. ಆ ಗಂಟೆ ಹೊಡೆದರೆ ಮಿಡತೆಯ ಕಥೆ ಮುಗಿಯುತ್ತಿತ್ತು. ಕಾಲಿನ ಗಾಡಿ ಅಲ್ಲಿಗೆ ಹೋಗಿ, ಕೆಲವು ಮೆಟ್ಟಿಲು ಹತ್ತಿ, ಉರುಳಿ ಬಿತ್ತು. ಎತ್ತಿ ನಿಲ್ಲಿಸಿದರು, ಬಿತ್ತು. ಕಾಲು ಬದಲಿಸಿದರು, ಬಿತ್ತು.

“ನಮ್ಮ ಮಾಲೇಕಲ್ಲಿನ ಮೆಟ್ಲು ಇದ್ದಂಗವೆ ಅಲ್ವಾ ಅಪ್ಪ?” ಎಂದಳು ಇಂದು.

ಮೇಷ್ಟ್ರ ಮೂಲ ಊರು ಅರಸೀಕೆರೆಯ ಬಳಿ, ಮಾಲೇಕಲ್ಲು ತಿರುಪತಿಯ ಬೆಟ್ಟ ಕಾಣುವಷ್ಟು ದೂರದಲ್ಲಿ. ಶ್ರಾವಣದಲ್ಲಿ ಒಂದು ಶನಿವಾರ ಆ ಬೆಟ್ಟ ಹತ್ತದೆ ಅವರಿದ್ದದ್ದಿಲ್ಲ. ಇಂದು ಮಗುವಾಗಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದ್ದರು. ದೊಡ್ಡವಳಾದ ಮೇಲೆ ಅವಳು ಬೆಟ್ಟದ ಬುಡದಲ್ಲೇ ಉಳಿಯುತ್ತಿದ್ದಳು. ಒಂದು ವರ್ಷ ಮೇಷ್ಟ್ರು ಊರಿನ ನಾಲ್ವರು ಹುಡುಗರನ್ನು ಗೊತ್ತುಮಾಡಿ, ಕುರ್ಚಿಗೆ ಬಿದಿರು ಕಟ್ಟಿಸಿ ಮೇಲೆ ಹೊರಿಸಲು ಏರ್ಪಾಡು ಮಾಡಿದರು. ಇಂದು ಒಪ್ಪಲಿಲ್ಲ. “ನೀವು ಹೋಗ್ಬನ್ನಿ. ನಾನು ಇಲ್ಲಿಂದ್ಲೇ ಕೈ ಮುಗೀತೀನಿ,” ಎಂದಳು. ಬಂದ ಹುಡುಗರ ಮುಂದೆ ಮೇಷ್ಟ್ರಿಗೆ ಸಿಟ್ಟು ಬಂತು. “ದೇವ್ರಿಗಿಂತ ನಿನ್ನ ಹಟ ದೊಡ್ದಾಯ್ತಾ?” ಎಂದುಬಿಟ್ಟರು. ಇಂದು ಸುಮ್ಮನೆ ಮೆಟ್ಟಿಲ ಕಡೆ ನೋಡುತ್ತ ಕುಳಿತಳು.

ಅವಳು ಕಡೆಯದಾಗಿ ಗಾಡಿಯನ್ನು ಬೆಟ್ಟದ ಬುಡಕ್ಕೆ ತಂದು ನಿಲ್ಲಿಸಿದ ಸಂಜೆ, “ಹಿಂಗಾಲು ಇನ್ನೊಂಚೂರು ಉದ್ದ ಮಾಡಿದ್ರೆ ಹತ್ತುತ್ತೆ ಕಣಪ್ಪ, ನಾಳೆ ನೋಡೋಣ,” ಎಂದಿದ್ದಳು. ಬೆಳಗ್ಗೆ ಉಸಿರಾಟಕ್ಕೆ ಕಷ್ಟವಾಯಿತು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲುಗಳನ್ನು ಸೊರಗಿಸಿದ ಕಾಯಿಲೆ ಎದೆಗೂ ಬಂದಿತ್ತು. ಅವಳು ಮನೆಗೆ ತಿರುಗಿ ಬಂದದ್ದು ಹೂವಿನ ಕೆಳಗೆ.

ಇದಾದ ಮೇಲೆ ಮೇಷ್ಟ್ರಿಗೆ ಆ ಗಾಡಿಯದೇ ಹಂಬಲವಾಯಿತು. ಬೆಟ್ಟದ ಬುಡದಲ್ಲಿ ಮಿಡತೆಯನ್ನು ಹೊತ್ತು ಅದು ಈಗಲೂ ನಿಂತಿದೆ. ಮಗಳ ಜೀವವೂ ಹಾಗೇ ಎಲ್ಲೋ ಒಂದು ಮೆಟ್ಟಿಲಿನ ಕೆಳಗೆ, ನಾಳೆ ನೋಡೋಣ ಎಂದು ನಿಂತಿರಬಹುದೆ? ಅವರು ಓದಿದವರು, ಇದು ಹುಚ್ಚು ಯೋಚನೆಯೆಂದು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದರೂ ಅದು ಬಿಡಲಿಲ್ಲ. ಒಂದು ಸಲ, ಒಂದೇ ಒಂದು ಸಲ, ತಾವು ಅದನ್ನು ಮೇಲಕ್ಕೆ ಹತ್ತಿಸಿ ಗಂಟೆ ಹೊಡೆಸಿದರೆ ಮಗಳ ಕೆಲಸ ಮುಗಿಯುತ್ತದೆ ಎನಿಸುತ್ತಿತ್ತು. ಆದರೆ ಪೆಟ್ಟಿಗೆ ದಾನವಾಗಿ ಹೋಗಿತ್ತು. ಕೊಟ್ಟದ್ದನ್ನು ಮುಟ್ಟಿದರೆ ಅವಳಿಗೆ ಸಲ್ಲಬೇಕಾದದ್ದು ಸಲ್ಲದೆ ಹೋದರೆ?

ಪುಷ್ಯ ಮಾಸ ಬಂತು. ಒಂದು ಶನಿವಾರ ಸ್ನಾನ ಮಾಡಿ ನಾಮ ಇಟ್ಟುಕೊಂಡು, ವೆಂಕಟರಮಣನ ಪಟದ ಮುಂದೆ ಬಹಳ ಹೊತ್ತು ನಿಂತರು. “ಕೇಳಾಕಿಲ್ಲ ಸ್ವಾಮಿ. ಮುಟ್ಟಿ ಬತ್ತೀನಿ, ಅಷ್ಟೆ. ಪಾಪ ಇದ್ರೆ ನನ್ನ ತಲೆ ಮೇಲಿರ್ಲಿ, ಅವಳಿಗೆ ತಟ್ಟಿಸ್ಬೇಡ,” ಎಂದರು. ಶನಿವಾರದ ಒಪ್ಪತ್ತಿನ ದಿನ. ಹಸಿದ ಹೊಟ್ಟೆಯಲ್ಲೇ ಬಿಕ್ಕೋಡಿನ ಬಸ್ಸು ಹತ್ತಿದರು. ಎಲ್ಲಿಗೆ ಹೊರಟಿರಿ ಎಂದು ಚಲುವಮ್ಮ ಕೇಳಲಿಲ್ಲ.

ಕಾಫಿ ಕುಯ್ಲಿನ ಕಾಲ. ದಾರಿಯುದ್ದಕ್ಕೂ ಕಣಗಳಲ್ಲಿ ಹಣ್ಣು ಒಣಗಲು ಹರವಿದ್ದರು. ಬಸ್ಸಿನೊಳಗೆಲ್ಲ ಅದರ ಹುಳಿವಾಸನೆ. ಲತಾಮಣಿಯ ಮನೆ ಬಸ್ ನಿಲ್ದಾಣದಿಂದ ಸ್ವಲ್ಪ ದೂರ. ಅವಳ ಗಂಡ ತೋಟದ ಆಳುಗಳನ್ನು ಜೀಪಿನಲ್ಲಿ ಸಾಗಿಸುವವನು, ಆಗ ಮನೆಯಲ್ಲಿರಲಿಲ್ಲ. ಲತಾಮಣಿ ಮೇಷ್ಟ್ರನ್ನು ಕಂಡವಳೇ ಕಣ್ಣು ತುಂಬಿಕೊಂಡು, “ಬನ್ನಿ ಅಪ್ಪಾಜಿ, ಬಿಸಿಲಲ್ಲಿ ಬಂದ್ರಿ,” ಎಂದು ಚಾಪೆ ಹಾಸಿದಳು. ಒಳಗಿನ ಕೋಣೆಯಿಂದ ಎಂಜಿನ್ನಿನ ಸದ್ದು ಕೇಳುತ್ತಿತ್ತು.

“ಸೌಂದರ್ಯ, ಆಫ್ ಮಾಡೇ ಅದನ್ನ. ಇಂದು ಆಂಟಿ ಅಪ್ಪ ಬಂದವ್ರೆ.”

“ಬೇಡ, ಬೇಡ, ಆಡ್ಲಿ,” ಎಂದರು ಮೇಷ್ಟ್ರು. ನೀರು ಕುಡಿದು ಲೋಟ ಕೆಳಗಿಟ್ಟರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. “ಲತಾ, ನಾನೇನೂ ಕೇಳಕ್ಕೆ ಬಂದಿಲ್ಲ ಕಣವ್ವ. ಅದರಲ್ಲಿ ನಮ್ಮ ಇಂದು ಕಟ್ಟಿದ್ದೊಂದು ಗಾಡಿ ಐತೆ. ಒಂದ್ಸಲ ನೋಡ್ಕೊಂಡು ಹೋಗ್ಲಾ?”

“ಅಯ್ಯೋ, ಅದಕ್ಕೆ ಕೇಳ್ಬೇಕಾ ಅಪ್ಪಾಜಿ!”

ಸೌಂದರ್ಯ ನಾಲ್ಕನೆಯ ತರಗತಿಯ ಹುಡುಗಿ, ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿತ್ತು. ಪರದೆಯ ಮೇಲೆ ಮಿಡತೆ ಒಂದು ಕೆಂಪು ಜೀಪಿನಲ್ಲಿ ಕೂತು ಧೂಳೆಬ್ಬಿಸುತ್ತಿತ್ತು.

“ಇದು ನಾನು ಮಾಡಿರೋದು ತಾತ. ನಮ್ಮಪ್ಪನ ಜೀಪ್ ಥರಾನೇ. ಹಿಂದೆ ಜನ ಕೂರಕ್ಕೆ ಹಲಗೆ ಹಾಕಿದ್ದೀನಿ ನೋಡಿ.”

“ಚೆಂದಾಗೈತೆ ಕಣವ್ವ. ಕಾಲಿರೋ ಗಾಡಿ ಒಂದಿತ್ತಲ್ಲ, ಅದೆಲ್ಲೈತೆ?”

“ಅದಾ? ಬಿಚ್ಚಾಕ್ಬಿಟ್ಟೆ.” ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅದು ನೆಟ್ಟಗೆ ನಡೀತಾನೇ ಇರ್ಲಿಲ್ಲ, ತಾತ. ಕುಡಿದವರ ಥರ ಹೋಗ್ತಿತ್ತು. ಅದರ ಹಲಗೇನೇ ಇವು.”

ಲತಾಮಣಿ ಮಗಳ ಬೆನ್ನಿಗೊಂದು ಗುದ್ದಿದಳು. “ಹೇಳ್ದೆ ಕೇಳ್ದೆ ಬಿಚ್ಚಿದ್ಯೇನೇ, ಮುಂಡೇದೆ!”

“ಹೊಡೀಬೇಡ,” ಎಂದರು ಮೇಷ್ಟ್ರು. “ಅವಳದು ಅದು. ಅವಳು ಏನಾರ ಮಾಡ್ಬೋದು.” ಹುಡುಗಿಯ ಪಕ್ಕಕ್ಕೆ ಜರುಗಿ, “ಅವ್ವಾ, ಅದನ್ನ ಮತ್ತೆ ಕಟ್ಟಬೋದಾ? ನಾನು ಹೇಳ್ತೀನಿ, ನೀನು ಕಟ್ಟು. ನಿನಗೆ ಬೇಜಾರಿಲ್ದಿದ್ರೆ,” ಎಂದರು.

ಬೈಸಿಕೊಂಡ ಹುಡುಗಿಗೆ ಅಷ್ಟೇ ಬೇಕಾಗಿತ್ತು. ಜೀಪು ಶೆಡ್ಡಿಗೆ ಹೋಯಿತು. ಮೇಷ್ಟ್ರು ಹೇಳುತ್ತ ಹೋದರು, ಅವಳು ಜೋಡಿಸುತ್ತ ಹೋದಳು. ಮುಂಗಾಲು ಹೀಗೆ, ಹಿಂಗಾಲು ಹಾಗೆ, ಮೊಣಕಾಲಿನ ಸ್ಪ್ರಿಂಗು ಒಳಮುಖವಾಗಿ. “ಈ ಥರ ಯಾರಾದ್ರೂ ಇಡ್ತಾರಾ ತಾತ?” ಎಂದು ಅವಳು ನಗುವಳು. “ನಾವಿಡ್ತಿದ್ವಿ ಕಣವ್ವ,” ಎಂದು ಇವರು. ಕಡೆಗೆ, ಇಂದು ಹೇಳಿದ್ದ ಹಾಗೆ, ಹಿಂಗಾಲನ್ನು ಒಂಚೂರು ಉದ್ದ ಮಾಡಿಸಿದರು. ಗಾಡಿ ಎದ್ದು ನಿಂತಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲತಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೆಟ್ಟದ ಬುಡಕ್ಕೆ ಬಂದ ಮೇಲೆ ಮೇಷ್ಟ್ರು ರಿಮೋಟನ್ನು ತಾವು ತೆಗೆದುಕೊಂಡರು. ಮಗಳು ಆಡುವಾಗ ನೋಡಿದ್ದರೇ ಹೊರತು ಅದನ್ನು ಹಿಡಿದವರಲ್ಲ. ಮನಸ್ಸಿನಲ್ಲಿ ಗೋವಿಂದನ ನೆನೆದು ಹೆಬ್ಬೆರಳಿಂದ ಮುಂದೆ ಒತ್ತಿದರು. ಕಾಲಿನ ಗಾಡಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿತು. ಎರಡನೆಯದಕ್ಕೆ ಇಟ್ಟಿತು. ಇನ್ನೂ ಕೆಲವು ಮೆಟ್ಟಿಲು ಹತ್ತಿ, ಎಡಗಾಲು ಮಡಿಸಿಕೊಂಡು, ಅದು ಮೆಲ್ಲಗೆ ವಾಲಿ ಉರುಳಿತು. ಮಿಡತೆ ಅಂಗಾತ ಬಿದ್ದು ಕಾಲು ಝಾಡಿಸಿತು. ಸೌಂದರ್ಯ ಕಿಲಕಿಲ ನಕ್ಕಳು. ಮತ್ತೆ ಹತ್ತಿಸಿದರು. ಮತ್ತೆ ಬಿತ್ತು. ಹುಡುಗಿ ನಗುತ್ತಲೇ ಇದ್ದವಳು ಪಕ್ಕಕ್ಕೆ ತಿರುಗಿ ಅಜ್ಜನ ಮುಖ ನೋಡಿ ನಿಲ್ಲಿಸಿದಳು. ಲತಾಮಣಿ ಅನ್ನಕ್ಕಿಟ್ಟು ಬಂದಳು, ಇನ್ನೂ ಬೀಳುತ್ತಿತ್ತು. ಎಷ್ಟು ಸಲವೋ ದೇವರೇ ಬಲ್ಲ.

“ತಾತ, ಮೇಲಕ್ಕೆ ಹೋಗ್ಬೇಕು ಅಷ್ಟೇ ಅಲ್ವಾ? ಕೊಡಿ ಇಲ್ಲಿ.”

ರಿಮೋಟು ತೆಗೆದುಕೊಂಡು ಸೌಂದರ್ಯ ಶೆಡ್ಡಿಗೆ ಹೋದಳು. ಒಂದು ಮೂಲೆಯಿಂದ, ದೊಡ್ಡ ದೊಡ್ಡ ಗಾಲಿಗಳ ಹಳದಿ ಗಾಡಿಯೊಂದನ್ನು ತೆಗೆದು ಮಿಡತೆಯನ್ನು ಅದರಲ್ಲಿ ಕೂರಿಸಿದಳು. ಮೆಟ್ಟಿಲಿಗೆ ಬಂದು ಗುಂಡಿ ಒತ್ತಿ ಹಿಡಿದಳು. ಗಾಡಿ ಗಡಗಡ ಎಂದು ಒಂದೇ ಉಸಿರಿಗೆ ಬೆಟ್ಟ ಹತ್ತಿಬಿಟ್ಟಿತು. ತುದಿಯಲ್ಲಿ ಬೋಳು ಬಂಡೆ, ಎರಡು ಕಲ್ಲುಕಂಬದ ನಡುವೆ ಗಂಟೆ.

“ಬಂತು! ಗಂಟೆ ಹೊಡೀರಿ ತಾತ. ಈ ಗುಂಡಿ ಒತ್ತಿ, ಅಷ್ಟೆ.”

ಮೇಷ್ಟ್ರು ಒತ್ತಲಿಲ್ಲ. ಮೆಟ್ಟಿಲನ್ನು ಚಕ್ರ ಹತ್ತುವುದಿಲ್ಲ ಎಂದು ಅವರು ನಂಬಿದ್ದರು. ಮಗಳ ಗಾಲಿಕುರ್ಚಿಯನ್ನು ಶಾಲೆ, ಕಚೇರಿ, ಬ್ಯಾಂಕು, ಗುಡಿ ಎಲ್ಲೆಲ್ಲಿ ಮೆಟ್ಟಿಲಿತ್ತೋ ಅಲ್ಲೆಲ್ಲ ಎತ್ತಿ ಇಳಿಸಿದ ಮನುಷ್ಯ. ಆಟದೊಳಗಿನ ಲೋಕವೂ ಹಾಗೇ ಇರುತ್ತದೆ ಎಂದೇ ತಿಳಿದಿದ್ದರು.

“ಈ ಗಾಡಿ ನೀನು ಕಟ್ಟಿದ್ದಾ?”

“ಇಲ್ಲ ತಾತ. ಆಟ ಶುರುವಾದಾಗ್ಲೇ ಕೊಡ್ತಾರೆ. ಎಲ್ರಿಗೂ ಕೊಡ್ತಾರೆ.”

“ಇಂದೂಗೂ ಕೊಟ್ಟಿದ್ರಾ?”

“ಹೂಂ ಮತ್ತೆ. ಇದು ಆಂಟೀದೇ. ಆದ್ರೆ ಒಂದ್ಸಲಾನೂ ಓಡ್ಸಿಲ್ಲ. ಓಡ್ಸಿದ್ರೆ ಗಾಲಿಗೆ ಮಣ್ಣು ಮೆತ್ಕೊಂಡಿರುತ್ತೆ. ನಾನು ಮೊದಲ್ನೇ ಸಲ ತೆಗೆದಾಗ ಫಳಫಳ ಅಂತಿತ್ತು.”

ಗಿಡ್ಡಯ್ಯ ಮೇಷ್ಟ್ರು ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತುಬಿಟ್ಟರು. ಯಾವ ದಿನ ಬೇಕಾದರೂ ಅವಳು ಮೇಲಕ್ಕೆ ಹೋಗಬಹುದಿತ್ತು. ಗಂಟೆ ಹೊಡೆಯಬಹುದಿತ್ತು. ಅದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಬೆಟ್ಟದ ತುದಿ ಅವಳಿಗೆ ಬೇಕಾಗಿರಲಿಲ್ಲ. ಕಾಲಲ್ಲಿ ಹತ್ತುವುದು ಬೇಕಾಗಿತ್ತು. ಅದು ಸಿಗದಿದ್ದರೆ ಬುಡದಲ್ಲೇ ಬಿದ್ದು ಏಳುವುದು ಬೇಕಾಗಿತ್ತು. ಬಿದಿರು ಕಟ್ಟಿದ ಕುರ್ಚಿಯ ಮುಂದೆ, ನಾಲ್ವರು ಹುಡುಗರ ಎದುರಿಗೆ, ತಾವು ಆಡಿದ ಮಾತು ಅವರಿಗೆ ನೆನಪಾಯಿತು. ಅವತ್ತು ಅವಳು ಮೆಟ್ಟಿಲ ಕಡೆ ನೋಡುತ್ತಿದ್ದುದನ್ನು ಅವರು ಹಟವೆಂದುಕೊಂಡಿದ್ದರು.

ಇನ್ನೊಬ್ಬರ ಮನೆಯಲ್ಲಿ ಅತ್ತವರಲ್ಲ ಮೇಷ್ಟ್ರು. ಮಗಳ ಶವ ಎತ್ತುವಾಗಲೂ ಹಲ್ಲು ಕಚ್ಚಿಕೊಂಡಿದ್ದರು. ಈಗ ಒಂದು ಪುಟ್ಟ ಹುಡುಗಿಯ ಪಕ್ಕದಲ್ಲಿ ಕೂತು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಹುದುಗಿಸಿ, ಗೋಳೋ ಎಂದು ಅತ್ತರು. ಸೌಂದರ್ಯ ಹೆದರಿ ತಾಯಿಯ ಹಿಂದೆ ಹೋಗಿ ನಿಂತಳು.

“ನಾನೇನೂ ಮಾಡಿಲ್ಲಮ್ಮ. ಮೇಲಕ್ಕೆ ಹತ್ತಿಸ್ದೆ ಅಷ್ಟೆ.”

ಅಳು ನಿಂತ ಮೇಲೆ ಮೇಷ್ಟ್ರು ಮುಖ ಒರೆಸಿಕೊಂಡು ಅವಳನ್ನು ಹತ್ತಿರ ಕರೆದರು. “ನೀನು ಚೆನ್ನಾಗೇ ಮಾಡ್ದೆ ಕಣವ್ವ. ಈಗ ಅದನ್ನ ಕೆಳಗಿಳಿಸ್ತೀಯಾ?”

“ಗಂಟೆ ಹೊಡೀದೇನಾ?”

“ಹೂಂ. ಕೆಳಗಿಳಿಸಿ, ಮಿಡತೇನ ಕಾಲಿನ ಗಾಡೀಲೇ ಕೂರ್ಸು.”

ಸೌಂದರ್ಯ ಹಾಗೇ ಮಾಡಿದಳು. ಕಾಲಿನ ಗಾಡಿ ಮೆಟ್ಟಿಲ ಬುಡದಲ್ಲಿ, ಸ್ವಲ್ಪ ವಾಲಿಕೊಂಡು ನಿಂತಿತು. ಮೇಷ್ಟ್ರು ಬಹಳ ಹೊತ್ತು ಅದನ್ನು ನೋಡಿದರು.

“ಆಮೇಲೆ ಇದನ್ನ ಬಿಚ್ಲಾ ತಾತ? ನನ್ನ ಜೀಪಿಗೆ ಸ್ಪ್ರಿಂಗ್ ಬೇಕು.”

ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಅದನ್ನು ಹೇಳುವ ಹಕ್ಕನ್ನು ಅವರೇ ಅಂಗೈಯ ತುಳಸಿಯ ಮೇಲೆ ನೀರು ಬಿಟ್ಟು ಕಳೆದುಕೊಂಡಿದ್ದರು. “ನಿನ್ನದು ಕಣವ್ವ,” ಎಂದರು. “ನಿನಗೆ ಹೆಂಗೆ ಬೇಕೋ ಹಂಗೆ ಮಾಡು.”

ಹುಡುಗಿ ಯೋಚಿಸಿ, “ಇವತ್ತೊಂದಿನ ಇರ್ಲಿ ಬಿಡಿ,” ಎಂದಳು.

ಬಸ್ಸಿನವರೆಗೂ ಬಂದ ಲತಾಮಣಿ, “ಪೆಟ್ಟಿಗೆ ತಗೊಂಡು ಹೋಗಿ ಅಪ್ಪಾಜಿ. ಇವಳಿಗೆ ಬೇರೆ ಏನಾದ್ರೂ ಕೊಡಿಸ್ತೀವಿ,” ಎಂದು ಎರಡು ಸಲ ಹೇಳಿದಳು. ಮೇಷ್ಟ್ರು ಕೇಳಿಸದವರಂತೆ ಕಿಟಕಿಯ ಪಕ್ಕ ಕುಳಿತು ಕೈ ಮುಗಿದರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಚಲುವಮ್ಮ ಕೈಕಾಲಿಗೆ ನೀರು ಕೊಟ್ಟರು, ಒಪ್ಪತ್ತು ಬಿಡಲು ಎಲೆ ಹಾಕಿದರು. ಅನ್ನ ಬಡಿಸಿ ಎದುರಿಗೆ ಕುಳಿತುಕೊಂಡು, “ಹತ್ತಿತಾ?” ಎಂದರು.

“ಇಲ್ಲ ಕಣೇ.”

ಚಲುವಮ್ಮ ಅನ್ನದ ಮೇಲೆ ಸಾರು ಬಿಟ್ಟರು.

“ಚಕ್ರದ ಗಾಡಿ ಒಂದಿತ್ತಂತೆ ಚಲುವೀ. ಮೊದ್ಲಿಂದ್ಲೂ. ಅದರಲ್ಲಿ ಕೂತಿದ್ರೆ ಒಂದು ಗಳಿಗೇಲಿ ಮೇಲಿರೋಳು. ಅದನ್ನ ಮುಟ್ಟೇ ಇಲ್ಲ ಅವಳು.”

“ಗೊತ್ತು.”

“ನಿನಗೆ ಹೆಂಗೆ ಗೊತ್ತು?”

“ಆ ಗಾಡಿ ಗೊತ್ತಿಲ್ಲ. ಅವಳು ಗೊತ್ತು.” ಚಲುವಮ್ಮ ಸೌಟನ್ನು ಪಾತ್ರೆಯೊಳಗಿಟ್ಟರು. “ಸಣ್ಣೋಳಿದ್ದಾಗ ಕಾಲು ಸೋತ್ಮೇಲೂ ಗೋಡೆ ಹಿಡ್ಕೊಂಡು ಏಳೋಳು. ನೀವು ಸ್ಕೂಲಿಗೆ ಹೋಗಿರ್ತಿದ್ರಿ. ದಪ್ಪಂತ ಬೀಳೋಳು. ಓಡೋಗಿ ಎತ್ತಕ್ಕೆ ಹೋದ್ರೆ, ಮುಟ್ಬೇಡ ಕಣವ್ವ, ನಾನೇ ಏಳ್ತೀನಿ ಅನ್ನೋಳು. ನಾನು ಅಡುಗೆಮನೇಲಿ ನಿಂತ್ಕೊಂಡು ಆ ಸದ್ದು ಕೇಳೋಳು. ಈ ಆಟ ಬಂದ್ಮೇಲೆ ಮತ್ತೆ ಅದೇ ಸದ್ದು. ಬೀಳೋದು, ಏಳೋದು, ಬೀಳೋದು. ನೀವಿಬ್ರೂ ನಗ್ತಿದ್ರಿ. ಅವಳೇ ಹೋದ್ಮೇಲೆ ನೀವೊಬ್ರೇ ಕೂತ್ಕೊಂಡು ಅದನ್ನ ಬೀಳ್ಸಿ ಬೀಳ್ಸಿ ಎಬ್ಬುಸ್ತಾ ಇದ್ರೆ ನಾನು ಹೆಂಗ್ರೀ ಕೇಳ್ಲಿ? ಅದಕ್ಕೇ ಬುಟ್ಟಿಗಿಟ್ಟೆ. ಬೈಯಂಗಿದ್ರೆ ಬೈದುಬಿಡಿ.”

ಮೇಷ್ಟ್ರು ಬೈಯಲಿಲ್ಲ. ಎಲೆಯ ಮೇಲಿನ ಅನ್ನವನ್ನು ಕಲಸುತ್ತ, ಬಾಯಿಗಿಡದೆ ಕುಳಿತಿದ್ದರು. ಹೊರಗೆ ಭೀಮರಾಜನ ಬೈಕು ಬಂದು ನಿಂತ ಸದ್ದಾಯಿತು.

“ಈಗ ಎಲ್ಲಿ ಬಿಟ್ಟು ಬಂದ್ರಿ?” ಎಂದು ಚಲುವಮ್ಮ ಕೇಳಿದರು.

“ಬೆಟ್ಟದ ಬುಡದಲ್ಲೇ. ಮೆಟ್ಲು ಶುರುವಾಗೋ ಕಡೆ.”

ಚಲುವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಅಲ್ಲಿ ನೆರಳೈತೇನ್ರೀ?” ಎಂದರು.

ಮೇಷ್ಟ್ರು ಕಣ್ಣು ಮುಚ್ಚಿ ಆ ಜಾಗವನ್ನು ನೆನಪಿಗೆ ತಂದುಕೊಂಡರು.

“ಐತೆ ಕಣೇ,” ಎಂದರು. “ಒಂದು ಮರ ಐತೆ.”